ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಎಷ್ಟು ದೂರ?

ಕೆಲವು ತಿಂಗಳುಗಳ ಹಿಂದೆ ನಮ್ಮ ಕಾಲೇಜಿನ ಪ್ರಥಮ ವರ್ಷದ ವಿದ್ಯಾರ್ಥಿಗಳಿಗಾಗಿ ಕಿರುಪರೀಕ್ಷೆಯೊಂದು ನಡೆಯಿತು. ಭೌತಶಾಸ್ತ್ರದ ಪ್ರಶ್ನೆಪತ್ರಿಕೆಯನ್ನು ಸಿದ್ಧಪಡಿಸಿದವನು ನಾನೇ. ಅದರಲ್ಲಿ ಎರಡು ಅಂಕಗಳ ಒಂದು ಸುಲಭವಾದ ಲೆಕ್ಕವಿತ್ತು: “ಬೆಂಗಳೂರಿಗೂ ಸ್ಯಾನ್ ಫ್ರಾನ್ಸಿಸ್ಕೋ ನಗರಕ್ಕೂ ನಡುವಣ ದೂರ 14,000 ಕಿಲೋಮೀಟರು. ವಿಮಾನದ ವೇಗ ಗಂಟೆಗೆ 900 ಕಿಲೋಮೀಟರು. ಪ್ರಯಾಣಕ್ಕೆ ಹಿಡಿಯುವ ವೇಳೆಯೆಷ್ಟು?” ದೂರವನ್ನು ವೇಗದಿಂದ ಭಾಗಿಸಿದರೆ 15 ಗಂಟೆ 33 ನಿಮಿಷ ಬರುತ್ತದೆ. ತರಗತಿಯ ಬಹುಪಾಲು ವಿದ್ಯಾರ್ಥಿಗಳು ಹಾಗೆಯೇ ಬರೆದಿದ್ದರು. ನಾನೂ ಕೆಂಪು ಶಾಯಿಯಲ್ಲಿ ಸರಿಯೆಂದು ಗುರುತುಹಾಕುತ್ತ ಹೋದೆನು.

ಒಬ್ಬ ವಿದ್ಯಾರ್ಥಿನಿ ಮಾತ್ರ ಭಾಗಾಕಾರವನ್ನು ಮಾಡಿರಲಿಲ್ಲ. ಆಕೆಯ ಉತ್ತರಪತ್ರಿಕೆಯಲ್ಲಿ ಮೂರೇ ಸಾಲುಗಳಿದ್ದುವು: “ದೂರವೆಂದರೆ ಯಾವ ದಾರಿಯ ದೂರ? ವೇಗವೆಂದರೆ ನೆಲಕ್ಕೆ ಹೋಲಿಸಿದ ವೇಗವೋ ಗಾಳಿಗೆ ಹೋಲಿಸಿದ ವೇಗವೋ? ಹೋಗುವುದೋ ಬರುವುದೋ ತಿಳಿಯದೆ ಉತ್ತರವನ್ನು ಹೇಳಲಾಗದು.” ಪತ್ರಿಕೆಗಳ ರಾಶಿಯನ್ನು ಮುಗಿಸುವ ಅವಸರದಲ್ಲಿದ್ದ ನಾನು ಇದನ್ನು ಉದ್ಧಟತನವೆಂದೇ ಬಗೆದು ಸೊನ್ನೆ ಹಾಕಿದೆನು. ಪತ್ರಿಕೆಗಳನ್ನು ಹಿಂದಿರುಗಿಸಿದ ದಿನ ಆಕೆ ವಾದಿಸಲಿಲ್ಲ. “ನಮ್ಮಣ್ಣ ಅಲ್ಲಿ ಕೆಲಸದಲ್ಲಿದ್ದಾನೆ, ಸರ್. ಅವನ ಟಿಕೆಟಿನಲ್ಲಿ ಹೋಗುವುದಕ್ಕೆ ಒಂದು ವೇಳೆ, ಬರುವುದಕ್ಕೆ ಇನ್ನೊಂದು ವೇಳೆ ಕಾಣಿಸಿರುತ್ತದೆ. ಊರುಗಳು ಅವೇ, ಉತ್ತರ ಎರಡು ಹೇಗಾಯಿತು?” ಎಂದಷ್ಟೇ ಕೇಳಿ, ತನ್ನ ಸ್ಥಳಕ್ಕೆ ಹೋಗಿ ಕುಳಿತಳು.

ಆ ಸೊನ್ನೆ ಹಲವು ದಿನ ನನ್ನ ಮನಸ್ಸನ್ನು ಬಿಡಲಿಲ್ಲ. ಲೆಕ್ಕವನ್ನು ಮತ್ತೆ ಮತ್ತೆ ಪರಿಶೀಲಿಸಿದಷ್ಟೂ ತಪ್ಪಿದ್ದುದು ನನ್ನ ಪ್ರಶ್ನೆಯಲ್ಲಿಯೇ ಎಂಬುದು ಸ್ಪಷ್ಟವಾಗತೊಡಗಿತು. ಎರಡು ದೂರದ ವಿಮಾನನಿಲ್ದಾಣಗಳ ನಡುವಣ ಅಂತರವೂ ಅಲ್ಲಿಗೆ ತಲುಪುವ ವೇಳೆಯೂ ಇಂದು ಕೈಯೊಳಗಣ ಫೋನಿನಲ್ಲಿ ಕ್ಷಣಾರ್ಧದಲ್ಲಿ ದೊರೆಯುತ್ತವೆ. ಸಂಖ್ಯೆ ಅಷ್ಟು ಸುಲಭವಾಗಿ ಸಿಕ್ಕುವ ಕಾಲದಲ್ಲಿ, ಆ ಸಂಖ್ಯೆಯ ಹಿಂದೆ ಯಾವ ಯಾವ ಊಹೆಗಳು ಅಡಗಿವೆಯೆಂದು ಕೇಳುವ ಅಭ್ಯಾಸವನ್ನು ನಾವು ವಿದ್ಯಾರ್ಥಿಗಳಲ್ಲಿ ಬೆಳೆಸುತ್ತಿದ್ದೇವೆಯೆ? ಹಾಗೆ ಕೇಳಿದವರಿಗೆ ಸೊನ್ನೆ ಹಾಕುತ್ತಿದ್ದೇವೆಯೆ? ಇದೇ ಈ ಲೇಖನದ ವಿಷಯ.

ನಕಾಶೆಯ ನೇರ, ಭೂಮಿಯ ನೇರ

ಮೊದಲು ದೂರದ ಮಾತನ್ನು ನೋಡೋಣ. ಪೆಸಿಫಿಕ್ ಸಾಗರವು ನಡುವೆ ಬರುವಂತೆ ಮುದ್ರಿಸಿದ ಪ್ರಪಂಚದ ನಕಾಶೆಯೊಂದನ್ನು ತೆಗೆದುಕೊಂಡು, ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋವರೆಗೆ ಅಳತೆಪಟ್ಟಿಯನ್ನಿಟ್ಟು ಗೆರೆ ಎಳೆಯಿರಿ. ಆ ಗೆರೆ ಬಂಗಾಳ ಕೊಲ್ಲಿಯನ್ನೂ ಥೈಲೆಂಡ್ ದೇಶವನ್ನೂ ದಾಟಿ, ಪೆಸಿಫಿಕ್ ಸಾಗರದ ಉದ್ದಕ್ಕೂ ಸಾಗಿ ಗುರಿಯನ್ನು ಮುಟ್ಟುತ್ತದೆ. ನೋಡುವ ಕಣ್ಣಿಗೆ ಇದಕ್ಕಿಂತ ನೇರವಾದ ದಾರಿ ಬೇರೊಂದಿಲ್ಲ. ಆದರೆ ನಕಾಶೆಯು ಮರ್ಕೇಟರನ ಕ್ರಮದಲ್ಲಿ ರಚಿತವಾದುದಾದರೆ, ಈ ‘ನೇರ’ವಾದ ದಾರಿಯ ಉದ್ದ ಭೂಮಿಯ ಮೇಲೆ ಸುಮಾರು 16,100 ಕಿಲೋಮೀಟರಾಗುತ್ತದೆ, ನಿಜವಾದ ಕನಿಷ್ಠ ದೂರಕ್ಕಿಂತ ಎರಡು ಸಾವಿರ ಕಿಲೋಮೀಟರಿಗೂ ಹೆಚ್ಚು!

ಇದು ನಕಾಶೆಯ ಮೋಸವೇನೂ ಅಲ್ಲ. ಗೆರಾರ್ಡಸ್ ಮರ್ಕೇಟರನು 1569ರಲ್ಲಿ ಆ ನಕಾಶೆಯನ್ನು ರಚಿಸಿದ್ದು ನಾವಿಕರಿಗಾಗಿ. ದಿಕ್ಸೂಚಿಯ ಮುಳ್ಳು ತೋರುವ ಒಂದೇ ಕೋನವನ್ನು ಬಿಡದೆ ಹಿಡಿದು ಸಾಗುವ ಹಡಗಿನ ದಾರಿ ಅದರಲ್ಲಿ ನೇರವಾದ ಗೆರೆಯಾಗಿ ಕಾಣಬೇಕೆಂಬುದು ಅವನ ಉದ್ದೇಶ. ಆ ಉದ್ದೇಶ ಪೂರ್ಣವಾಗಿ ಸಾಧಿತವಾಯಿತು. ಅದಕ್ಕೆ ತೆತ್ತ ಬೆಲೆಯೆಂದರೆ, ಧ್ರುವಗಳ ಕಡೆಗೆ ಹೋದಂತೆಲ್ಲ ದೂರಗಳು ಹಿಗ್ಗಿ ತೋರುವುದು. ದಿಕ್ಕನ್ನು ತಿಳಿಯಲು ಮಾಡಿದ ಉಪಕರಣದಿಂದ ದೂರವನ್ನು ಅಳೆಯಹೊರಟರೆ ತಪ್ಪು ಯಾರದು?

ಗೋಳದ ಮೇಲೆ ಎರಡು ಬಿಂದುಗಳ ನಡುವಣ ಅತ್ಯಂತ ಕಿರಿದಾದ ದಾರಿಯೆಂದರೆ ಅವೆರಡನ್ನೂ ಹಾಯ್ದುಹೋಗುವ ಮಹಾವೃತ್ತದ ಚಿಕ್ಕ ಭಾಗ. ಗೋಳದ ಕೇಂದ್ರವನ್ನೇ ತನ್ನ ಕೇಂದ್ರವಾಗಿ ಉಳ್ಳ ವೃತ್ತಕ್ಕೆ ಮಹಾವೃತ್ತವೆಂದು ಹೆಸರು. ಇದನ್ನು ಕಾಣಲು ಯಂತ್ರಗಳು ಬೇಕಿಲ್ಲ. ಒಂದು ಗ್ಲೋಬೂ ಒಂದು ತುಂಡು ದಾರವೂ ಸಾಕು. ಗ್ಲೋಬಿನ ವ್ಯಾಸ 30 ಸೆಂಟಿಮೀಟರೆಂದು ಇಟ್ಟುಕೊಳ್ಳಿ. ಅದರ ಸುತ್ತಳತೆ 94 ಸೆಂಟಿಮೀಟರಿಗೆ ತುಸು ಮೇಲೆ. ಭೂಮಿಯ ಸುತ್ತಳತೆ ಸುಮಾರು 40,000 ಕಿಲೋಮೀಟರು. ಆದಕಾರಣ ದಾರದ ಒಂದು ಸೆಂಟಿಮೀಟರು ಭೂಮಿಯ 425 ಕಿಲೋಮೀಟರಿಗೆ ಸಮ. ಎರಡು ಊರುಗಳ ಮೇಲೂ ಬೆರಳೊತ್ತಿ ದಾರವನ್ನು ಬಿಗಿಯಾಗಿ ಎಳೆದರೆ, ಅದು ತಾನಾಗಿಯೇ ಕಿರಿದಾದ ದಾರಿಗೆ ಸರಿದು ನಿಲ್ಲುತ್ತದೆ. ಅದನ್ನು ಅಳೆದರೆ 33 ಸೆಂಟಿಮೀಟರು. ಎಂದರೆ ಸುಮಾರು 14,000 ಕಿಲೋಮೀಟರು.

ಕಾಲೇಜಿನ ವಿದ್ಯಾರ್ಥಿಗಳು ಇದನ್ನು ಗಣಿತದಿಂದಲೂ ಸಾಧಿಸಬಹುದು. ಬೆಂಗಳೂರಿನ ನಿಲ್ದಾಣ 13.2 ಡಿಗ್ರಿ ಉತ್ತರ ಅಕ್ಷಾಂಶ, 77.7 ಡಿಗ್ರಿ ಪೂರ್ವ ರೇಖಾಂಶದಲ್ಲಿದೆ. ಸ್ಯಾನ್ ಫ್ರಾನ್ಸಿಸ್ಕೋ ನಿಲ್ದಾಣ 37.6 ಡಿಗ್ರಿ ಉತ್ತರ ಅಕ್ಷಾಂಶ, 122.4 ಡಿಗ್ರಿ ಪಶ್ಚಿಮ ರೇಖಾಂಶದಲ್ಲಿದೆ. ಪೂರ್ವದ ಕಡೆಯಿಂದ ಎಣಿಸಿದರೆ ಇವುಗಳ ರೇಖಾಂಶಗಳ ವ್ಯತ್ಯಾಸ 159.9 ಡಿಗ್ರಿ. ಎರಡು ಅಕ್ಷಾಂಶಗಳ ಸೈನುಗಳನ್ನು ಪರಸ್ಪರ ಗುಣಿಸಿರಿ. ಅವುಗಳ ಕೊಸೈನುಗಳನ್ನೂ ರೇಖಾಂಶ ವ್ಯತ್ಯಾಸದ ಕೊಸೈನನ್ನೂ ಒಟ್ಟಿಗೆ ಗುಣಿಸಿರಿ. ಈ ಎರಡು ಗುಣಲಬ್ಧಗಳ ಮೊತ್ತವೇ ಎರಡು ಊರುಗಳು ಭೂಕೇಂದ್ರದಲ್ಲಿ ಮಾಡುವ ಕೋನದ ಕೊಸೈನು. ಆ ಕೋನ 125.8 ಡಿಗ್ರಿ ಬರುತ್ತದೆ. ಮಹಾವೃತ್ತದ ಒಂದು ಡಿಗ್ರಿಗೆ 111.2 ಕಿಲೋಮೀಟರಿನಂತೆ ದೂರವು ಸುಮಾರು 13,990 ಕಿಲೋಮೀಟರು. ಹತ್ತನೆಯ ತರಗತಿಯ ತ್ರಿಕೋನಮಿತಿಯನ್ನು ಬಲ್ಲವರು ಇನ್ನೊಂದು ಹೆಜ್ಜೆ ಇಟ್ಟರೆ ಭೂಮಂಡಲದ ಯಾವ ಎರಡು ಊರುಗಳ ದೂರವನ್ನಾದರೂ ತಾವೇ ಕಂಡುಹಿಡಿಯಬಲ್ಲರೆಂಬುದು ಎಷ್ಟು ಜನಕ್ಕೆ ತಿಳಿದಿದೆ?

ದಾರ ತೋರಿಸಿದ ದಾರಿ

ಬಿಗಿದ ದಾರವು ಯಾವ ಯಾವ ನಾಡುಗಳ ಮೇಲೆ ಹಾದುಹೋಗುತ್ತದೆಯೆಂಬುದನ್ನು ಗಮನಿಸಿ. ಅದು ಪೂರ್ವಕ್ಕೆ ಹೊರಡುವುದೇ ಇಲ್ಲ. ಬೆಂಗಳೂರಿನಿಂದ ಉತ್ತರಕ್ಕೆ, ತುಸುವೇ ಪೂರ್ವಕ್ಕೆ ವಾಲಿಕೊಂಡು ಹೊರಡುತ್ತದೆ. ನೇಪಾಳವನ್ನು ದಾಟಿ ಟಿಬೆಟ್ಟಿನ ಪ್ರಸ್ಥಭೂಮಿಯನ್ನು ಏರುತ್ತದೆ. ಮಂಗೋಲಿಯ, ಸೈಬೀರಿಯಗಳ ಮೇಲೆ ಸಾಗಿ, 71 ಡಿಗ್ರಿ ಉತ್ತರ ಅಕ್ಷಾಂಶದ ಬಳಿ ಆರ್ಕ್ಟಿಕ್ ಸಾಗರದ ಅಂಚನ್ನು ಮುಟ್ಟಿ, ಅಲ್ಲಿಂದ ದಕ್ಷಿಣಕ್ಕೆ ತಿರುಗಿ ಅಲಾಸ್ಕದ ಮೂಲಕ ಕ್ಯಾಲಿಫೋರ್ನಿಯಕ್ಕೆ ಇಳಿಯುತ್ತದೆ. ಮಾವಿನ ತೋಪುಗಳ ನಾಡಿನಿಂದ ದ್ರಾಕ್ಷಿಯ ತೋಟಗಳ ನಾಡಿಗೆ ಹೋಗಬೇಕಾದವನು ಹಿಮದ ನಾಡನ್ನು ಹಾಯ್ದು ಹೋಗಬೇಕೆಂದರೆ ನಂಬಲು ಕಷ್ಟ. ಆದರೆ ಭೂಮಿ ದುಂಡಗಿದೆಯೆಂಬ ಮಾತಿನ ಅರ್ಥವೇ ಅದು.

ಇನ್ನೊಂದು ಕುತೂಹಲದ ಸಂಗತಿ. ಬೆಂಗಳೂರಿನಿಂದ ನೆಟ್ಟಗೆ ಉತ್ತರ ಧ್ರುವಕ್ಕೆ ಹೋಗಿ, ಅಲ್ಲಿಂದ ನೆಟ್ಟಗೆ ಸ್ಯಾನ್ ಫ್ರಾನ್ಸಿಸ್ಕೋಗೆ ಇಳಿದರೆ ದೂರ ಎಷ್ಟಾದೀತು? ಅಕ್ಷಾಂಶಗಳನ್ನು 90ರಿಂದ ಕಳೆದು ಕೂಡಿಸಿದರೆ ಸಾಕು: 76.8 ಡಿಗ್ರಿ ಮತ್ತು 52.4 ಡಿಗ್ರಿ, ಒಟ್ಟು 129.2 ಡಿಗ್ರಿ, ಎಂದರೆ ಸುಮಾರು 14,360 ಕಿಲೋಮೀಟರು. ಕನಿಷ್ಠ ದೂರಕ್ಕಿಂತ ಕೇವಲ ನೂರಕ್ಕೆ ಮೂರರಷ್ಟು ಹೆಚ್ಚು. ಧ್ರುವವನ್ನು ಸುತ್ತಿ ಹೋಗುವುದು ನಕಾಶೆಯಲ್ಲಿ ಹುಚ್ಚುತನವಾಗಿ ಕಂಡರೂ ಗೋಳದ ಮೇಲೆ ಅದು ಸಣ್ಣ ಬಳಸು ಮಾತ್ರ.

ಇದು ಬರಿಯ ಕಾಗದದ ಮಾತಲ್ಲ. 2021ರ ಜನವರಿಯಲ್ಲಿ ಏರ್ ಇಂಡಿಯಾ ಸಂಸ್ಥೆಯ ವಿಮಾನವೊಂದು ಸ್ಯಾನ್ ಫ್ರಾನ್ಸಿಸ್ಕೋದಿಂದ ಹೊರಟು, ಉತ್ತರ ಧ್ರುವಪ್ರದೇಶದ ಮೇಲಿನಿಂದ ಹಾದು, ಎಲ್ಲಿಯೂ ನಿಲ್ಲದೆ ಬೆಂಗಳೂರಿಗೆ ಬಂದಿಳಿಯಿತು. ಈ ಎರಡು ನಗರಗಳ ನಡುವೆ ಆ ಸಂಸ್ಥೆಯ ನಿಲುಗಡೆಯಿಲ್ಲದ ಪ್ರಥಮ ಹಾರಾಟ ಅದು. ಕ್ಯಾಪ್ಟನ್ ಜೋಯಾ ಅಗರ್ವಾಲ್ ಅವರ ಮುಂದಾಳುತನದಲ್ಲಿ ವಿಮಾನವನ್ನು ನಡೆಸಿದವರೆಲ್ಲರೂ ಮಹಿಳೆಯರು. ಆಗ ಪ್ರಕಟವಾದ ವರದಿಗಳಲ್ಲಿ ಎರಡು ಸಂಖ್ಯೆಗಳು ಕಾಣಿಸಿಕೊಂಡುವು: ಒಂದು 13,993 ಕಿಲೋಮೀಟರು, ಇನ್ನೊಂದು ಸುಮಾರು 16,000 ಕಿಲೋಮೀಟರು. ಓದಿದವರು ಇದರಲ್ಲಿ ಯಾವುದು ಸುಳ್ಳೆಂದು ಬೆರಗಾಗಿರಬಹುದು. ಎರಡೂ ಸುಳ್ಳಲ್ಲ. ಮೊದಲನೆಯದು ಎರಡು ಊರುಗಳ ನಡುವಣ ಕನಿಷ್ಠ ದೂರ. ಎರಡನೆಯದು ವಿಮಾನವು ಹಾರಿದ ದೂರ. ನನ್ನ ಪ್ರಶ್ನೆಪತ್ರಿಕೆಗೆ ಈ ಎರಡರ ನಡುವಣ ಭೇದವೇ ತಿಳಿದಿರಲಿಲ್ಲ.

ವಿಮಾನವು ದಾರದ ದಾರಿಯನ್ನು ಬಿಟ್ಟು ಏಕೆ ಹಾರಬೇಕು? ಕಾರಣಗಳು ಹಲವು. ಟಿಬೆಟ್ಟಿನ ಪ್ರಸ್ಥಭೂಮಿಯ ಸರಾಸರಿ ಎತ್ತರ 4,500 ಮೀಟರಿನಷ್ಟು. ವಿಮಾನದೊಳಗಣ ವಾಯುವಿನ ಒತ್ತಡ ಹಠಾತ್ತಾಗಿ ಕುಗ್ಗಿದರೆ ಚಾಲಕರು ಪ್ರಯಾಣಿಕರು ಉಸಿರಾಡಬಲ್ಲ 3,000 ಮೀಟರಿನ ಮಟ್ಟಕ್ಕೆ ಬೇಗನೆ ಇಳಿಯಬೇಕು. ಕೆಳಗಿನ ನೆಲವೇ ಅದಕ್ಕಿಂತ ಎತ್ತರವಿದ್ದರೆ ಇಳಿಯುವುದೆಲ್ಲಿಗೆ? ಎಂಜಿನು ಕೆಟ್ಟರೆ ನಿಗದಿಯಾದ ವೇಳೆಯೊಳಗೆ ತಲುಪಬಹುದಾದ ನಿಲ್ದಾಣವೊಂದು ದಾರಿಯುದ್ದಕ್ಕೂ ಇರಬೇಕೆಂಬ ನಿಯಮವೂ ಉಂಟು.

ಇವೆಲ್ಲಕ್ಕಿಂತ ದೊಡ್ಡ ಕಾರಣ ಮನುಷ್ಯನದೇ. ಆಕಾಶಕ್ಕೆ ಬೇಲಿಯಿಲ್ಲವೆಂಬುದು ಕವಿಗಳ ಮಾತು. ವಿಮಾನಗಳ ಆಕಾಶಕ್ಕೆ ಬೇಲಿಯುಂಟು. ಫಿನ್ಲೆಂಡಿನ ಹೆಲ್ಸಿಂಕಿಗೂ ಜಪಾನಿನ ಟೋಕಿಯೋಗೂ ನಡುವಣ ಕನಿಷ್ಠ ದೂರ ಸುಮಾರು 7,800 ಕಿಲೋಮೀಟರು. ಅದು ಸೈಬೀರಿಯದ ಮೇಲೆ ಹಾದುಹೋಗುತ್ತದೆ. ಸೋವಿಯತ್ ಒಕ್ಕೂಟದ ಆಕಾಶವು ತೆರೆದಿಲ್ಲದಿದ್ದ ಕಾಲದಲ್ಲಿ, 1983ರಲ್ಲಿ, ಫಿನ್ನೇರ್ ಸಂಸ್ಥೆಯು ಉತ್ತರ ಧ್ರುವವನ್ನು ಬಳಸಿಕೊಂಡು ಟೋಕಿಯೋಗೆ ಹಾರತೊಡಗಿತು. ಆ ಪ್ರಯಾಣಕ್ಕೆ ಸುಮಾರು 13 ಗಂಟೆ ಹಿಡಿಯುತ್ತಿತ್ತು. ಮುಂದೆ ಸೈಬೀರಿಯದ ದಾರಿ ತೆರೆದಾಗ ಅದು ಒಂಬತ್ತು ಹತ್ತು ಗಂಟೆಗಳಿಗೆ ಇಳಿಯಿತು. 2022ರಲ್ಲಿ ಉಕ್ರೇನಿನ ಯುದ್ಧ ಪ್ರಾರಂಭವಾಗಿ ರಷ್ಯದ ಆಕಾಶವು ಯೂರೋಪಿನ ವಿಮಾನಗಳಿಗೆ ಮುಚ್ಚಿದಾಗ ಪ್ರಯಾಣ ಮತ್ತೆ ಸುಮಾರು 13 ಗಂಟೆಗಳಿಗೆ ಏರಿತು. ಹೆಲ್ಸಿಂಕಿ ಕದಲಲಿಲ್ಲ, ಟೋಕಿಯೋ ಕದಲಲಿಲ್ಲ; ನಡುವಣ ವೇಳೆ ಮಾತ್ರ ಹಿಗ್ಗಿ ಕುಗ್ಗಿ ಮತ್ತೆ ಹಿಗ್ಗಿತು. ನಮ್ಮ ದೇಶದ ವಿಮಾನಗಳಿಗೂ ಈ ಅನುಭವ ಹೊಸದಲ್ಲ. 2025ರ ಏಪ್ರಿಲಿನಲ್ಲಿ ಪಾಕಿಸ್ತಾನವು ತನ್ನ ಆಕಾಶವನ್ನು ಭಾರತದ ವಿಮಾನಗಳಿಗೆ ಮುಚ್ಚಿದಾಗ ದೆಹಲಿಯಿಂದ ಯೂರೋಪಿಗೆ ಹೋಗುವ ವಿಮಾನಗಳು ದಕ್ಷಿಣಕ್ಕೆ ಬಳಸಿ ಹಾರಬೇಕಾಯಿತು.

ವೇಗ ಯಾವುದಕ್ಕೆ ಹೋಲಿಸಿ?

ದೂರದ ಮಾತು ಇಷ್ಟಾಯಿತು. ವೇಗದ ಮಾತು ಇದಕ್ಕಿಂತ ಸೂಕ್ಷ್ಮವಾದುದು. ಗಂಟೆಗೆ 900 ಕಿಲೋಮೀಟರೆಂದು ನಾವು ಹೇಳುವುದು ಸುತ್ತಲಿನ ಗಾಳಿಗೆ ಹೋಲಿಸಿದ ವೇಗವನ್ನು. ವಿಮಾನವನ್ನು ಎತ್ತಿಹಿಡಿಯುವುದು ಗಾಳಿ. ರೆಕ್ಕೆಗಳಿಗೆ ಗೊತ್ತಿರುವುದೂ ಗಾಳಿಯೊಂದೇ. ಕೆಳಗಿನ ನೆಲ ಎಷ್ಟು ಬೇಗ ಹಿಂದಕ್ಕೆ ಸರಿಯುತ್ತಿದೆಯೆಂಬುದು ರೆಕ್ಕೆಗೆ ತಿಳಿಯದು. ತುಂಗಭದ್ರೆಯಲ್ಲಿ ಹರಿಗೋಲು ನಡೆಸುವವನನ್ನು ಕೇಳಿದರೆ ಇದನ್ನು ಅವನೇ ವಿವರಿಸುತ್ತಾನೆ: ಹುಟ್ಟು ಹಾಕುವುದು ನೀರಿಗೆ, ತಲುಪಬೇಕಾದದ್ದು ದಡಕ್ಕೆ.

ಇಲ್ಲಿ ವಿದ್ಯಾರ್ಥಿಗಳು ಪ್ರತಿ ವರ್ಷವೂ ಕೇಳುವ ಪ್ರಶ್ನೆಯೊಂದಿದೆ. ಭೂಮಿಯು ಪಶ್ಚಿಮದಿಂದ ಪೂರ್ವಕ್ಕೆ ತಿರುಗುತ್ತಿದೆ; ಬೆಂಗಳೂರಿನ ನೆಲವು ಗಂಟೆಗೆ 1,600 ಕಿಲೋಮೀಟರಿಗೂ ಮೀರಿದ ವೇಗದಲ್ಲಿ ಸಾಗುತ್ತಿದೆ. ಹಾಗಿರುವಾಗ ವಿಮಾನವು ಮೇಲೇರಿ ಸುಮ್ಮನೆ ನಿಂತರೆ ಪಶ್ಚಿಮದ ಊರುಗಳು ತಾವಾಗಿಯೇ ಅದರ ಕೆಳಕ್ಕೆ ಬರಬೇಕಲ್ಲವೆ? ಬರುವುದಿಲ್ಲ. ಏಕೆಂದರೆ ವಾಯುಮಂಡಲವೂ ಭೂಮಿಯೊಡನೆಯೇ ತಿರುಗುತ್ತಿದೆ, ವಿಮಾನವು ನೆಲವನ್ನು ಬಿಟ್ಟಾಗ ಆ ವೇಗವು ಅದಕ್ಕೂ ಇರುತ್ತದೆ. ಓಡುವ ರೈಲಿನೊಳಗೆ ಹಾರುವ ನೊಣಕ್ಕೆ ಮುಂದಿನ ಬೋಗಿಯೂ ಹಿಂದಿನ ಬೋಗಿಯೂ ಒಂದೇ ಆಗಿರುವಂತೆ ಇದು.

ಆದರೂ ಪೂರ್ವಕ್ಕೂ ಪಶ್ಚಿಮಕ್ಕೂ ವ್ಯತ್ಯಾಸವಿದೆ. ಅದರ ಕಾರಣ ಬೇರೆ. ಭೂಮಿಯ ನಡುಭಾಗದ ಬಿಸಿಗೂ ಧ್ರುವಗಳ ಚಳಿಗೂ ಇರುವ ಅಂತರದಿಂದ ಮೇಲಣ ಗಾಳಿಯು ಧ್ರುವಗಳ ಕಡೆಗೆ ಸರಿಯತೊಡಗುತ್ತದೆ. ಭೂಮಿಯ ಭ್ರಮಣವು ಅದನ್ನು ಪೂರ್ವಕ್ಕೆ ತಿರುಗಿಸುತ್ತದೆ. ಹೀಗೆ ಸುಮಾರು 9ರಿಂದ 12 ಕಿಲೋಮೀಟರು ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಹರಿಯುವ ಗಾಳಿಯ ನದಿಗಳುಂಟು. ಇವಕ್ಕೆ ಜೆಟ್ ಪ್ರವಾಹಗಳೆಂದು ಹೆಸರು. ಜಪಾನಿನ ಪವನಶಾಸ್ತ್ರಜ್ಞ ವಾಸಬುರೋ ಓಯಿಶಿಯು 1920ರ ದಶಕದಲ್ಲಿಯೇ ಬೆಲೂನುಗಳನ್ನು ಹಾರಿಬಿಟ್ಟು ಇವನ್ನು ಕಂಡುಕೊಂಡಿದ್ದನು. ಆತನು ತನ್ನ ವರದಿಯನ್ನು ಎಸ್ಪೆರಾಂಟೊ ಎಂಬ ಕಲ್ಪಿತ ಭಾಷೆಯಲ್ಲಿ ಪ್ರಕಟಿಸಿದುದರಿಂದ ಹೊರಗಿನವರು ಅದನ್ನು ಅಷ್ಟಾಗಿ ಗಮನಿಸಲಿಲ್ಲ. ಎರಡನೆಯ ಮಹಾಯುದ್ಧದ ಕೊನೆಯ ವರ್ಷಗಳಲ್ಲಿ ಜಪಾನಿನ ಮೇಲೆ ಹಾರಿದ ಅಮೆರಿಕದ ವೈಮಾನಿಕರು ಆ ಗಾಳಿಗೆ ಸಿಕ್ಕಿ ಬೆಚ್ಚಿದ ಮೇಲೆಯೇ ಅದರ ಬಲ ಎಲ್ಲರಿಗೂ ತಿಳಿದದ್ದು.

ಈ ನದಿಯ ಬಲವೆಷ್ಟೆಂಬುದಕ್ಕೆ ಒಂದು ನಿದರ್ಶನ. 2020ರ ಫೆಬ್ರವರಿ 9ರಂದು ಬ್ರಿಟಿಷ್ ಏರ್‌ವೇಸಿನ ವಿಮಾನವೊಂದು ನ್ಯೂಯಾರ್ಕಿನಿಂದ ಲಂಡನ್ನಿಗೆ 4 ಗಂಟೆ 56 ನಿಮಿಷಗಳಲ್ಲಿ ಬಂದು ತಲುಪಿತು. ಅವೆರಡರ ನಡುವಣ ಕನಿಷ್ಠ ದೂರ ಸುಮಾರು 5,540 ಕಿಲೋಮೀಟರು. ಭಾಗಿಸಿ ನೋಡಿ: ಸರಾಸರಿ ವೇಗ ಗಂಟೆಗೆ 1,120 ಕಿಲೋಮೀಟರಿಗೂ ಹೆಚ್ಚು! ಅಷ್ಟೆತ್ತರದ ಚಳಿಯಲ್ಲಿ ಶಬ್ದದ ವೇಗ ಗಂಟೆಗೆ ಸುಮಾರು 1,060 ಕಿಲೋಮೀಟರು. ಹಾಗಾದರೆ ಸಾಮಾನ್ಯ ಪ್ರಯಾಣಿಕ ವಿಮಾನವು ಶಬ್ದವನ್ನು ಮೀರಿ ಹಾರಿತೆ? ಇಲ್ಲ. ಶಬ್ದವೂ ಗಾಳಿಯಲ್ಲಿಯೇ ಸಾಗುತ್ತದೆ. ಆ ಗಾಳಿಗೆ ಹೋಲಿಸಿದರೆ ವಿಮಾನವು ಎಂದಿನ ವೇಗದಲ್ಲಿಯೇ ಇತ್ತು. ಗಾಳಿಯೇ ಅದನ್ನು ಹೊತ್ತು ಓಡಿತು. ಇದೇ ದಾರಿಯಲ್ಲಿ ಪಶ್ಚಿಮಕ್ಕೆ ಹೋಗುವ ವಿಮಾನಗಳಿಗೆ ಏಳು ಎಂಟು ಗಂಟೆಗಳು ಹಿಡಿಯುವುದು ಸಾಮಾನ್ಯ.

ಹೋಗಿಬರುವ ಲೆಕ್ಕ

ಈಗ ನನ್ನ ಲೆಕ್ಕಕ್ಕೆ ಹಿಂದಿರುಗೋಣ. ದಾರಿಯುದ್ದಕ್ಕೂ ಗಂಟೆಗೆ 100 ಕಿಲೋಮೀಟರಿನ ಗಾಳಿ ಬೆನ್ನಹಿಂದೆ ಬೀಸುತ್ತಿದೆಯೆಂದು ಭಾವಿಸಿ. ನೆಲಕ್ಕೆ ಹೋಲಿಸಿದ ವೇಗ 1,000 ಆಗುತ್ತದೆ. 14,000 ಕಿಲೋಮೀಟರು ಸಾಗಲು 14 ಗಂಟೆ ಸಾಕು. ಹಿಂದಿರುಗುವಾಗ ಅದೇ ಗಾಳಿ ಎದುರಾದರೆ ವೇಗ 800. ವೇಳೆ 17 ಗಂಟೆ 30 ನಿಮಿಷ. ಒಂದೇ ದಾರಿ, ಒಂದೇ ವಿಮಾನ, ಒಂದೇ ಗಾಳಿ. ಆದರೂ ಮೂರೂವರೆ ಗಂಟೆಗಳ ವ್ಯತ್ಯಾಸ. ನಿಜವಾದ ಗಾಳಿ ಹೀಗೆ ಒಂದೇ ಸಮನಾಗಿ ಬೀಸುವುದಿಲ್ಲವೆಂಬುದನ್ನೂ, ಎದುರುಗಾಳಿಯನ್ನು ತಪ್ಪಿಸಿಕೊಳ್ಳಲು ವಿಮಾನಗಳು ಬೇರೆ ದಾರಿ ಹಿಡಿಯುತ್ತವೆಂಬುದನ್ನೂ ಒಪ್ಪಿಕೊಳ್ಳೋಣ. ವಿದ್ಯಾರ್ಥಿನಿಯ ಅಣ್ಣನ ಟಿಕೆಟಿನ ರಹಸ್ಯ ಮಾತ್ರ ಇಷ್ಟೇ.

ಹೋಗುವಾಗ ಗಳಿಸಿದ್ದು ಬರುವಾಗ ಕಳೆದು ಲೆಕ್ಕ ಸರಿಹೋಗುವುದಲ್ಲವೆ ಎಂದು ಕೆಲವರು ಕೇಳಬಹುದು. ಅದೂ ಇಲ್ಲ. 14 ಮತ್ತು 17½ ಕೂಡಿದರೆ 31 ಗಂಟೆ 30 ನಿಮಿಷ. ಗಾಳಿಯೇ ಇಲ್ಲದಿದ್ದರೆ ಎರಡೂ ಪ್ರಯಾಣಗಳಿಗೆ 31 ಗಂಟೆ 7 ನಿಮಿಷ. ಗಾಳಿಯು 23 ನಿಮಿಷಗಳನ್ನು ನುಂಗಿಬಿಟ್ಟಿತು. ಕಾರಣ ಸರಳ: ಅನುಕೂಲದ ಗಾಳಿಯಲ್ಲಿ ನಾವು ಕಡಿಮೆ ಹೊತ್ತು ಇರುತ್ತೇವೆ, ಪ್ರತಿಕೂಲದ ಗಾಳಿಯಲ್ಲಿ ಹೆಚ್ಚು ಹೊತ್ತು. ಸುಖದ ದಿನಗಳು ಬೇಗ ಕಳೆಯುತ್ತವೆಂಬ ಹಿರಿಯರ ಮಾತು ಇಲ್ಲಿ ಗಣಿತದಿಂದಲೂ ಸಿದ್ಧವಾಗುತ್ತದೆ.

ಇದು ಬರಿಯ ವಿನೋದವಲ್ಲ. ನನ್ನ ‘ಸರಿಯಾದ’ ಉತ್ತರವನ್ನು ನಂಬಿ ಯಾರಾದರೂ 15 ಗಂಟೆ 33 ನಿಮಿಷಕ್ಕೆ ಸರಿಯಾಗುವಷ್ಟೇ ಇಂಧನವನ್ನು ತುಂಬಿ ಆ ಎದುರುಗಾಳಿಯಲ್ಲಿ ಹೊರಟರೆ, ಇಂಧನ ತೀರಿದಾಗ ಗುರಿಯು ಇನ್ನೂ 1,500 ಕಿಲೋಮೀಟರಿಗೂ ಹೆಚ್ಚು ದೂರದಲ್ಲಿರುತ್ತದೆ. ವಿಮಾನದ ಹಾರಾಟವನ್ನು ಯೋಜಿಸುವವರು ಹೊರಡುವ ಮುನ್ನ ಗಾಳಿಯ ಮುನ್ಸೂಚನೆಯನ್ನು ನೋಡಿ, ದಾರಿಯನ್ನು ಗೊತ್ತುಮಾಡಿ, ಅಗತ್ಯಕ್ಕಿಂತ ಹೆಚ್ಚಿನ ಇಂಧನವನ್ನು ಮೀಸಲಾಗಿ ತುಂಬಿಸುತ್ತಾರೆ. ಎಂದರೆ, ನಾನು ಸೊನ್ನೆ ಹಾಕಿದ ಆ ಮೂರು ಪ್ರಶ್ನೆಗಳನ್ನೇ ಅವರು ಪ್ರತಿದಿನವೂ ಕೇಳಿಕೊಳ್ಳುತ್ತಾರೆ.

ಗಡಿಯಾರವೂ ನಿಲುವು ಬದಲಿಸುತ್ತದೆ

ವೇಳೆಯನ್ನು ಅಳೆಯುವುದರಲ್ಲಿಯೂ ಎಚ್ಚರ ಬೇಕು. 2021ರ ಆ ವಿಮಾನವು ಜನವರಿ 9ರ ರಾತ್ರಿ ಎಂಟೂವರೆಯ ಸುಮಾರಿಗೆ ಸ್ಯಾನ್ ಫ್ರಾನ್ಸಿಸ್ಕೋವನ್ನು ಬಿಟ್ಟಿತು. ಬೆಂಗಳೂರಿಗೆ ಬಂದಿಳಿದದ್ದು ಜನವರಿ 11ರ ನಸುಕಿನಲ್ಲಿ. ಪಂಚಾಂಗವನ್ನು ನಂಬಿದರೆ ಪ್ರಯಾಣಕ್ಕೆ ಸುಮಾರು 31 ಗಂಟೆ. ಆದರೆ ಚಳಿಗಾಲದಲ್ಲಿ ನಮ್ಮ ಗಡಿಯಾರವು ಕ್ಯಾಲಿಫೋರ್ನಿಯದ ಗಡಿಯಾರಕ್ಕಿಂತ 13 ಗಂಟೆ 30 ನಿಮಿಷ ಮುಂದಿರುತ್ತದೆ. ಅದನ್ನು ಕಳೆದರೆ ಉಳಿಯುವುದು ಹದಿನೇಳು ಗಂಟೆ ಮತ್ತು ಚಿಲ್ಲರೆ. ಬೇಸಿಗೆಯಲ್ಲಿ ಅವರು ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುವುದರಿಂದ ವ್ಯತ್ಯಾಸವು 12 ಗಂಟೆ 30 ನಿಮಿಷಕ್ಕೆ ಇಳಿಯುತ್ತದೆ. ಇನ್ನು ಎದುರು ದಿಕ್ಕಿನ ಪ್ರಯಾಣವನ್ನು ಊಹಿಸಿ: ಚಳಿಗಾಲದ ಒಂದು ದಿನ ಮಧ್ಯಾಹ್ನ ಎರಡಕ್ಕೆ ಬೆಂಗಳೂರನ್ನು ಬಿಟ್ಟು 16 ಗಂಟೆ ಹಾರಿದವನು ಅದೇ ತಾರೀಖಿನ ಸಾಯಂಕಾಲ ನಾಲ್ಕೂವರೆಗೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಇಳಿಯುತ್ತಾನೆ! ಎರಡು ಗಡಿಯಾರಗಳನ್ನು ಮಾತ್ರ ನೋಡಿ ಭಾಗಾಕಾರ ಮಾಡುವ ವಿದ್ಯಾರ್ಥಿ ವಿಮಾನದ ವೇಗ ಗಂಟೆಗೆ 5,600 ಕಿಲೋಮೀಟರೆಂದು ಬರೆದಾನು. ಭಾಗಾಕಾರದಲ್ಲಿ ತಪ್ಪಿಲ್ಲ, ಭಾಗಿಸಿದ ಸಂಖ್ಯೆಯಲ್ಲಿ ತಪ್ಪಿದೆ.

ನಾವು ಕಲಿಸಬೇಕಾದದ್ದೇನು?

ಇಷ್ಟನ್ನೂ ಸಹೋದ್ಯೋಗಿಯೊಬ್ಬರೊಡನೆ ಹೇಳಿಕೊಂಡಾಗ ಅವರು ನಕ್ಕು, “ಎರಡು ಅಂಕದ ಪ್ರಶ್ನೆಗೆ ಇಷ್ಟು ದೊಡ್ಡ ವಿಚಾರಣೆ ಬೇಕೆ? ಪ್ರಾರಂಭದಲ್ಲಿಯೇ ಇಷ್ಟು ತೊಡಕುಗಳನ್ನು ಹೇಳಿದರೆ ಮಕ್ಕಳು ವಿಜ್ಞಾನವೆಂದರೆ ಹೆದರಿ ಓಡುತ್ತಾರೆ” ಎಂದರು. ಅವರ ಮಾತಿನಲ್ಲಿ ಸತ್ಯಾಂಶವಿಲ್ಲದಿಲ್ಲ. ಸರಳಗೊಳಿಸದೆ ವಿಜ್ಞಾನವು ಒಂದು ಹೆಜ್ಜೆಯನ್ನೂ ಇಡಲಾರದು. ಬೀಳುವ ವಸ್ತುಗಳನ್ನು ಕುರಿತು ವಿಚಾರ ಮಾಡಿದ ಗೆಲಿಲಿಯೋ ಗಾಳಿಯ ತಡೆಯನ್ನು ಬದಿಗಿಟ್ಟನು. ಆದರೆ ಬದಿಗಿಡುತ್ತಿದ್ದೇನೆಂದು ಅವನಿಗೆ ತಿಳಿದಿತ್ತು. ಗಾಳಿಯನ್ನು ಬಿಟ್ಟು ಲೆಕ್ಕ ಹಾಕುವುದು ಬೇರೆ, ಗಾಳಿಯೇ ಇಲ್ಲವೆಂದು ನಂಬುವುದು ಬೇರೆ. ಮೊದಲನೆಯದು ವಿಜ್ಞಾನ, ಎರಡನೆಯದು ಕಂಠಪಾಠ. ನನ್ನ ಪ್ರಶ್ನೆಯಲ್ಲಿ “ಗಾಳಿ ಇಲ್ಲವೆಂದು ಭಾವಿಸಿ, ವಿಮಾನವು ಕನಿಷ್ಠ ದೂರದ ದಾರಿಯಲ್ಲಿ ಸಾಗುತ್ತದೆಂದು ಭಾವಿಸಿ” ಎಂಬ ಒಂದು ಸಾಲನ್ನು ಸೇರಿಸಿದ್ದರೆ ಸಾಕಾಗಿತ್ತು. ಆ ಒಂದು ಸಾಲಿನಿಂದ ಯಾವ ಮಗುವೂ ಹೆದರಿ ಓಡುತ್ತಿರಲಿಲ್ಲ. ಕೆಲವರಾದರೂ, ಗಾಳಿ ಇದ್ದರೆ ಏನಾಗುತ್ತಿತ್ತೆಂದು ಯೋಚಿಸುತ್ತಿದ್ದರು.

ಆದುದರಿಂದ ನನ್ನ ಅಭಿಪ್ರಾಯದಲ್ಲಿ ಮೂರು ಸಣ್ಣ ಕೆಲಸಗಳು ಆಗಬೇಕು. ಮೊದಲನೆಯದಾಗಿ, ಪ್ರಶ್ನೆಪತ್ರಿಕೆ ಬರೆಯುವ ನಾವು ನಮ್ಮ ಊಹೆಗಳನ್ನು ಬಾಯಿಬಿಟ್ಟು ಹೇಳಬೇಕು. ಎರಡನೆಯದಾಗಿ, ಎಷ್ಟೋ ಶಾಲೆಗಳಲ್ಲಿ ಬೀರುವಿನ ಮೇಲೆ ಧೂಳು ಹಿಡಿದು ಕುಳಿತಿರುವ ಗ್ಲೋಬು ಕೆಳಗಿಳಿದು ಮಕ್ಕಳ ಕೈಗೆ ಬರಬೇಕು. ಭೂಮಿ ದುಂಡಗಿದೆಯೆಂದು ಬರೆದು ಅಂಕ ಗಳಿಸಿದವರು ದಾರ ಹಿಡಿದು ಒಮ್ಮೆ ಅದನ್ನು ಅನುಭವಿಸಬೇಕು. ಭೂಗೋಳದ ಉಪಾಧ್ಯಾಯರೂ ಭೌತಶಾಸ್ತ್ರದ ಉಪಾಧ್ಯಾಯರೂ ಒಂದು ದಿನ ಒಂದೇ ಮೇಜಿನ ಮುಂದೆ ನಿಂತು ಇದನ್ನು ತೋರಿಸಿದರೆ ಇನ್ನೂ ಒಳ್ಳೆಯದು. ಮೂರನೆಯದಾಗಿ, ಪ್ರಶ್ನೆಯ ಕೊರತೆಯನ್ನು ಎತ್ತಿ ತೋರಿಸುವ ಉತ್ತರಕ್ಕೂ ಅಂಕವಿರಬೇಕು. ಭಾಗಾಕಾರವನ್ನು ಇಂದು ಯಂತ್ರ ಮಾಡುತ್ತದೆ. ಏನನ್ನು ಏತರಿಂದ ಭಾಗಿಸುತ್ತಿದ್ದೇವೆಂದು ಕೇಳುವ ಕೆಲಸ ಇನ್ನೂ ನಮಗೇ ಉಳಿದಿದೆ.

ಅಂಕಪಟ್ಟಿಯು ಆ ವೇಳೆಗಾಗಲೇ ಕಾಲೇಜಿನ ಕಛೇರಿಗೆ ಹೋಗಿಯಾಗಿತ್ತು. ಅದನ್ನು ತಿದ್ದಲು ನನ್ನಿಂದಾಗಲಿಲ್ಲ. ಆದರೆ ಮರುವಾರ ತರಗತಿಗೆ ಗ್ಲೋಬನ್ನೂ ದಾರವನ್ನೂ ಕೊಂಡೊಯ್ದು, ನನ್ನ ಪ್ರಶ್ನೆಯನ್ನು ಕರಿಹಲಗೆಯ ಮೇಲೆ ಬರೆದು, ಅದರಲ್ಲಿ ನಾನು ಮಾಡಿದ ತಪ್ಪನ್ನು ಎಲ್ಲರೆದುರಿಗೆ ಒಪ್ಪಿಕೊಂಡೆನು. ವಿದ್ಯಾರ್ಥಿನಿ ಎಲ್ಲವನ್ನೂ ಕೇಳಿ, “ಹಾಗಾದರೆ ಉತ್ತರವನ್ನು ಹೇಗೆ ಬರೆಯಬೇಕಿತ್ತು, ಸರ್?” ಎಂದಳು. ನಾನು ಬರೆದೆನು: “ಗಾಳಿಯಿಲ್ಲದಿದ್ದರೆ, ಕನಿಷ್ಠ ದೂರದ ದಾರಿಯಲ್ಲಿ, 15 ಗಂಟೆ 33 ನಿಮಿಷ. ಗಂಟೆಗೆ 100 ಕಿಲೋಮೀಟರಿನ ಗಾಳಿಯಿದ್ದರೆ, ಅದರ ದಿಕ್ಕನ್ನು ಅನುಸರಿಸಿ, 14ರಿಂದ 17½ ಗಂಟೆಗಳವರೆಗೆ.” ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಎದ್ದು ನಿಂತು, “ಗಾಳಿ ಪಕ್ಕದಿಂದ ಬೀಸಿದರೆ?” ಎಂದು ಕೇಳಿದನು. ಅಂದಿನ ಪಾಠ ಅಲ್ಲಿಂದ ಪ್ರಾರಂಭವಾಯಿತು.